ಖೋಖೋ ಆಡುವ ಹುಡುಗಿ ಪಿಇಯಲ್ಲಿ ಫೇಲಾದಾಗ: ಒಂದು ಪ್ರಕರಣ

"ಏನ್ರಿ ಸರ, ಎಲ್ಲಾದ್ರಾಗ ಪಾಸಾಗಿ ಪೀಟಿಯೊಳಗ ಫೇಲ್ ಅಂದ್ರ ಹೆಂಗ್ರಿ? ಅದೂ ಈಕಿ?"

2024ರ ಸೆಪ್ಟೆಂಬರ್ ಕೊನೆಯಲ್ಲಿ, ಅರ್ಧವಾರ್ಷಿಕ ಪರೀಕ್ಷೆಯ ಪೇಪರ್ ಕೈಯಲ್ಲಿ ಹಿಡಿದು ಒಬ್ಬ ಅಪ್ಪ ನನ್ನ ಮುಂದೆ ನಿಂತು ಕೇಳಿದ ಮಾತು ಇದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಅರ್ಧ ಉತ್ತರವನ್ನು ಹೇಳುವ ಧೈರ್ಯವೂ ಇರಲಿಲ್ಲ, ಯಾಕಂದ್ರೆ ಅದರಲ್ಲಿ ನನ್ನ ತಪ್ಪೂ ಇತ್ತು.

ಹುಡುಗಿಯ ಹೆಸರು, ಊರು, ಶಾಲೆ ಇಲ್ಲಿ ಬರೆದಿಲ್ಲ. ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಅಂಕಗಳು ಮಾತ್ರ ಇದ್ದ ಹಾಗೇ ಇವೆ. ಸಿಬಿಎಸ್‌ಇ 12ನೇ ತರಗತಿಗೆ ದೈಹಿಕ ಶಿಕ್ಷಣ (ಪಿಇ) ಕಲಿಸುವವರಿಗೆ, ಆ ವಿಷಯ ತೆಗೆದುಕೊಳ್ಳಬೇಕು ಅಂದುಕೊಂಡಿರುವ ಮಕ್ಕಳಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಹುಡುಗಿ ಹತ್ತನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಸರ್ಕಾರಿ ಪ್ರೌಢಶಾಲೆಯಲ್ಲಿ. ಖೋಖೋದಲ್ಲಿ ಎರಡು ಸಲ ರಾಜ್ಯ ಮಟ್ಟಕ್ಕೆ ಹೋಗಿ ಬಂದವಳು. ಕಂಬದ ಹತ್ತಿರ ಡೈವ್ ಹೊಡೆದು ಔಟ್ ಮಾಡುವುದರಲ್ಲಿ ಎತ್ತಿದ ಕೈ. ಆಟ ನೋಡಿಯೇ ನಮ್ಮ ಆಡಳಿತ ಮಂಡಳಿ ಫೀ ಕಡಿಮೆ ಮಾಡಿ 11ಕ್ಕೆ ಸೇರಿಸಿಕೊಂಡಿತು. ಕಾಮರ್ಸ್ ತೆಗೆದುಕೊಂಡಳು. ಇಂಗ್ಲಿಷ್, ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್, ಎಕನಾಮಿಕ್ಸ್ ಆದಮೇಲೆ ಐದನೆಯದಾಗಿ ಪಿಇ. ಅವಳ ಮನೆಯಲ್ಲಿ ಯಾರೂ ಎರಡನೇ ಸಲ ಯೋಚಿಸಲಿಲ್ಲ. ಆಡುವ ಹುಡುಗಿಗೆ ಆಟದ ವಿಷಯ, ಸರಿ ತಾನೇ?

ಇಲ್ಲೊಂದು ಮಾತು ಹೇಳಬೇಕು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣದ್ದು ಒಂದೂ ಇಲ್ಲ. ಶಾಲೆಯಲ್ಲೇ ಗ್ರೇಡ್ ಹಾಕಿ ಮುಗಿಸುತ್ತೇವೆ. ಹಾಗಾಗಿ ಅಲ್ಲಿಂದ ಬರುವ ಮಕ್ಕಳಿಗೆ ಪಿಟಿ ಅಂದರೆ ಸೀಟಿ, ಸಾಲು, ಚೆಂಡು. ಸಿಬಿಎಸ್‌ಇ 12ರಲ್ಲಿ ಇದು ಪೂರಾ ಬೇರೆ. 70 ಅಂಕದ ಥಿಯರಿ, ಮೂರು ಗಂಟೆಯ ಪೇಪರ್, ಹತ್ತು ಘಟಕ. ಕ್ರೀಡಾಕೂಟ ನಡೆಸುವುದರಿಂದ ಹಿಡಿದು ಪೋಷಕಾಂಶ, ಗಾಯ, ಬಯೋಮೆಕ್ಯಾನಿಕ್ಸ್ (ಮೈಯ ಚಲನೆಯ ವಿಜ್ಞಾನ), ಮನಃಶಾಸ್ತ್ರದವರೆಗೆ. ಉಳಿದ 30 ಪ್ರಾಕ್ಟಿಕಲ್. ಅದರಲ್ಲೂ ಆಟದ ನೈಪುಣ್ಯಕ್ಕೆ ಇರುವುದು 7 ಅಂಕ ಮಾತ್ರ. ಅಂದರೆ ಅವಳು ಹತ್ತು ವರ್ಷ ಮಣ್ಣಲ್ಲಿ ಬಿದ್ದು ಕಲಿತದ್ದಕ್ಕೆ ನೂರರಲ್ಲಿ ಏಳು. ಇದನ್ನು ಸೇರುವ ದಿನ ಯಾರೂ ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಸಮಸ್ಯೆ ಎಲ್ಲಿತ್ತು

ಅರ್ಧವಾರ್ಷಿಕದಲ್ಲಿ ಬಂದದ್ದು 70ಕ್ಕೆ 21. ಥಿಯರಿಯಲ್ಲೇ ಬೇರೆಯಾಗಿ ಶೇಕಡ 33 ಬೇಕು. ಅಂದರೆ 23. ಎರಡು ಅಂಕ ಕಡಿಮೆ.

ಅಪ್ಪ ಹೋದಮೇಲೆ ಪೇಪರನ್ನು ಮತ್ತೆ ತೆಗೆದು ಕುಳಿತೆ. ತಿದ್ದುವಾಗ ಕಾಣದ್ದು ಈಗ ಕಂಡಿತು. ಒಂದಂಕದ ಹದಿನೆಂಟು ಪ್ರಶ್ನೆಗಳಲ್ಲಿ ಎಂಟು ಸರಿ. ಸಣ್ಣ ಉತ್ತರಗಳಲ್ಲಿ ಒಟ್ಟು ಒಂಬತ್ತು. ದೊಡ್ಡ ಉತ್ತರಗಳಲ್ಲಿ ನಾಲ್ಕು. 'ಡಿ' ವಿಭಾಗದಲ್ಲಿ ಸೊನ್ನೆ. ಅಲ್ಲಿ ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಮೂರು ಪ್ರಶ್ನೆ, 12 ಅಂಕ. ಇಡೀ ಪೇಪರಿನಲ್ಲಿ ಸುಲಭದ ಅಂಕ ಅಂದರೆ ಅದೇ. ಅವಳು ಅದನ್ನು ಮುಟ್ಟಿಯೇ ಇರಲಿಲ್ಲ.

"ಯಾಕವಾ, ಇದನ್ನ ಯಾಕ ಬಿಟ್ಟಿ?" ಅಂದೆ.

"ಉದ್ದ ಇತ್ತಲ್ರಿ ಸರ, ಇಂಗ್ಲಿಷ್ ಪೇಪರ್ ಇದ್ದಂಗ ಕಾಣ್ತು."

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇನ್ನೊಂದು ಉತ್ತರ. ಸ್ಪ್ರೇನ್ ಮತ್ತು ಸ್ಟ್ರೇನ್ ನಡುವಿನ ವ್ಯತ್ಯಾಸ ಬರೆಯಿರಿ ಅಂತ ಕೇಳಿತ್ತು. ಎರಡಕ್ಕೂ ಒಂದೇ ಥರ ಬರೆದಿದ್ದಳು: ಕಾಲು ತಿರುಗುತ್ತದೆ, ಊದುತ್ತದೆ, ಎಣ್ಣೆ ಹಚ್ಚಿ ತಿಕ್ಕಬೇಕು, ಹತ್ತು ದಿನ ಆಡಬಾರದು. ಮೂರರಲ್ಲಿ ಅರ್ಧ ಅಂಕ ಕೊಟ್ಟಿದ್ದೆ. ಈ ಎರಡೂ ಗಾಯ ಅವಳಿಗೆ ಆಗಿವೆ. ನಾನೇ ಕಟ್ಟು ಕಟ್ಟಿದ್ದೇನೆ. ಮೈಗೆ ಗೊತ್ತಿರುವುದು ಕಾಗದದ ಮೇಲೆ ಬಂದಿರಲಿಲ್ಲ. ಬಂದದ್ದರಲ್ಲೂ ಒಂದು ತಪ್ಪಾಗಿತ್ತು. ಪೆಟ್ಟಾದ ಕೂಡಲೇ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ಊರ ಮೈದಾನಗಳ ರೂಢಿ. ಪಠ್ಯ ಹೇಳುವುದು ಅದರ ಉಲ್ಟಾ: ವಿಶ್ರಾಂತಿ, ಐಸು, ಬಿಗಿಯಾಗಿ ಪಟ್ಟಿ, ಕಾಲು ಮೇಲಕ್ಕೆ. ಆಟಗಾರರಿಗೆ ಎಲ್ಲ ಗೊತ್ತಿರುತ್ತದೆ, ಬರೆಯೋಕೆ ಬರಲ್ಲ ಅಷ್ಟೇ ಅಂತ ನಾವು ಸುಮ್ನೆ ಅಂದುಬಿಡುತ್ತೇವೆ. ಅದು ಪೂರ್ತಿ ನಿಜವಲ್ಲ.

ಇನ್ನು ನನ್ನ ಪಾಲು. ವಾರಕ್ಕೆ ಮೂರು ಥಿಯರಿ ಪೀರಿಯಡ್ ಇದ್ದವು. ಜುಲೈಯಿಂದಲೇ ಅವುಗಳಲ್ಲಿ ಒಂದನ್ನು, ಕೆಲವು ವಾರ ಎರಡನ್ನು, ಅಕೌಂಟೆನ್ಸಿ ಮೇಡಂಗೆ ಬಿಟ್ಟುಕೊಟ್ಟಿದ್ದೆ. "ಸರ್, ನಿಮ್ಮದು ಈಸಿ ಸಬ್ಜೆಕ್ಟ್, ಒಂದು ಕ್ಲಾಸ್ ಕೊಡಿ" ಅಂದರೆ ಇಲ್ಲ ಅನ್ನಲಾಗುತ್ತಿರಲಿಲ್ಲ. ನನ್ನ ವಿಷಯ ಸುಲಭ ಅಂತ ಅವರು ಅಂದುಕೊಂಡರೆ ಇರಲಿ. ನಾನೂ ಹಾಗೇ ನಡೆದುಕೊಂಡೆನಲ್ಲ.

ಮೊದಲ ಪ್ರಯತ್ನ, ಮೊದಲ ಸೋಲು

ಅಕ್ಟೋಬರಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಗೈಡ್ ಕೊಡಿಸಿದೆ. ನನ್ನ ನೋಟ್ಸ್ ಜೆರಾಕ್ಸ್ ಕೊಟ್ಟೆ. ದಿನಕ್ಕೆ ಎರಡು ಉತ್ತರ ಬಾಯಿಪಾಠ, ಮರುದಿನ ಒಪ್ಪಿಸಬೇಕು. ಹುಡುಗಿ ಶ್ರಮಜೀವಿ. ಬೆಳಿಗ್ಗೆ ಪ್ರಾಕ್ಟೀಸ್ ಮುಗಿಸಿ, ಬೆವರು ಒರೆಸಿಕೊಳ್ಳುತ್ತಲೇ ಒಪ್ಪಿಸುತ್ತಿದ್ದಳು. ತಡವರಿಸದೆ ಹೇಳುತ್ತಿದ್ದಳು. ನನಗೆ ಸಮಾಧಾನವಾಗಿತ್ತು.

ನವೆಂಬರ್ ಮೊದಲ ವಾರದ ಕಿರುಪರೀಕ್ಷೆಯಲ್ಲಿ 35ಕ್ಕೆ 11 ಬಂತು. ಲೆಕ್ಕ ಹಾಕಿದರೆ ಮೊದಲಿಗಿಂತ ಕೂದಲೆಳೆಯಷ್ಟು ಮೇಲೆ. ಆದರೆ ತಪ್ಪುಗಳ ಜಾತಿ ಬದಲಾಗಿತ್ತು. ಮೊದಲು ಉತ್ತರ ಬಿಡುತ್ತಿದ್ದವಳು ಈಗ ತುಂಬ ಬರೆಯುತ್ತಿದ್ದಳು, ಒಂದರದ್ದು ಇನ್ನೊಂದಕ್ಕೆ. ಬಿಪಿ ಜಾಸ್ತಿ ಇರುವವರಿಗೆ ಹಲಾಸನ ಅಂತ ಬರೆದಿದ್ದಳು. ಪಠ್ಯದಲ್ಲಿ ಅವರಿಗೆ ಹೇಳಿರುವುದು ಅರ್ಧ ಹಲಾಸನ. ಪೂರ್ತಿ ಹಲಾಸನ ಬೊಜ್ಜಿನ ಪಟ್ಟಿಯಲ್ಲಿದೆ, ಬಿಪಿ ಇರುವವರು ಅದನ್ನು ಮಾಡಬಾರದು. ಬೊಜ್ಜು, ಸಕ್ಕರೆ ಕಾಯಿಲೆ, ಅಸ್ತಮಾ, ಬಿಪಿ, ಬೆನ್ನುನೋವು, ಎಲ್ಲಕ್ಕೂ ಒಂದೊಂದು ಆಸನಗಳ ಪಟ್ಟಿ. ಅರ್ಧ ಹೆಸರುಗಳು ಎಲ್ಲ ಕಡೆಯೂ ಬರುತ್ತವೆ. ಬಾಯಿಪಾಠಕ್ಕೆ ಇದಕ್ಕಿಂತ ಕೆಟ್ಟ ಹೊಲ ಇಲ್ಲ.

ಆ ವಾರ ಅವಳು ಪ್ರಾಕ್ಟೀಸಿಗೂ ಬರಲಿಲ್ಲ. ಅಪ್ಪ ಆಟ ಬಿಡಿಸಿದ್ದರು. ಓದಿಗೆ ತೊಂದರೆ ಅಂತ. ಯಾವ ಓದಿಗೆ? ಆಟದ ಓದಿಗೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ತಿರುವು: ಹನ್ನೊಂದು ತಂಡಗಳು

ನವೆಂಬರ್ ಕೊನೆಯಲ್ಲಿ 6ರಿಂದ 8ರವರೆಗಿನ ಮಕ್ಕಳಿಗೆ ಖೋಖೋ ಪಂದ್ಯಾವಳಿ ಇತ್ತು. ಅಪ್ಪನನ್ನು ಕರೆಸಿ ಮಾತಾಡಿದೆ. "ಆಡೋದು ಬ್ಯಾಡ್ರಿ, ಪಂದ್ಯಾವಳಿ ನಡೆಸಾಕ ಮೂರು ದಿನ ಬಿಡ್ರಿ. ಅದೂ ಸಿಲೆಬಸ್ಸೇ" ಅಂದೆ. ಸುಳ್ಳೇನಲ್ಲ. ಮೊದಲ ಘಟಕವೇ ಕ್ರೀಡಾಕೂಟ ನಡೆಸುವುದು. ಒಪ್ಪಿಕೊಂಡರು.

ಆಗ ನನಗೆ ಯಾವ ದೊಡ್ಡ ಯೋಜನೆಯೂ ಇರಲಿಲ್ಲ. ಹುಡುಗಿ ಮೈದಾನಕ್ಕೆ ವಾಪಸ್ ಬಂದರೆ ಸಾಕು ಅನ್ನಿಸಿತ್ತು. ಹನ್ನೊಂದು ತಂಡ ಹೆಸರು ಕೊಟ್ಟಿದ್ದವು. ನಾಕೌಟ್ ಫಿಕ್ಸ್ಚರ್, ಅಂದರೆ ಸೋತವರು ಹೊರಗೆ ಹೋಗುವ ಪಂದ್ಯಗಳ ಪಟ್ಟಿ, ಮಾಡು ಅಂತ ಅವಳಿಗೆ ಬಿಟ್ಟೆ. ಗೈಡ್ ನೋಡಿ ಹೇಗೋ ಮಾಡಿ ಗೋಡೆಗೆ ಅಂಟಿಸಿದಳು.

ಸ್ವಲ್ಪ ಹೊತ್ತಿಗೆ 7ನೇ ತರಗತಿಯ ಒಬ್ಬ ಪುಟ್ಟ ಕ್ಯಾಪ್ಟನ್ ಜಗಳಕ್ಕೆ ಬಂದ. "ಅಕ್ಕಾ, ಅವ್ರಿಗೆ ಮೊದ್ಲ ಮ್ಯಾಚೇ ಇಲ್ಲ, ನಮಗ ಯಾಕ ಐತಿ? ಮೋಸ!"

ಅವಳು ಅವನನ್ನು ಗದರಿಸಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಮಣ್ಣಲ್ಲಿ ಕುಳಿತಳು. ಹನ್ನೊಂದು ಗೆರೆ ಎಳೆದಳು. ನೋಡು, ಕೊನೆಗೆ ಒಬ್ಬರೇ ಉಳಿಯಬೇಕು, ಒಂದೊಂದು ಮ್ಯಾಚಿಗೆ ಒಬ್ಬರು ಮನೆಗೆ ಹೋಗುತ್ತಾರೆ, ಹತ್ತು ಜನ ಹೋಗಬೇಕಂದರೆ ಹತ್ತು ಮ್ಯಾಚು. ಎರಡನೇ ಸುತ್ತಿಗೆ ಎಂಟು ತಂಡ ಬಂದರೆ ಮುಂದೆ ನಾಲ್ಕು, ಎರಡು ಅಂತ ಜೋಡಿ ಸರಿ ಬೀಳುತ್ತದೆ. ಈಗ ಹನ್ನೊಂದರಲ್ಲಿ ಮೂರು ಹೋಗಬೇಕು. ಮೂರು ಮ್ಯಾಚಿಗೆ ಆರು ತಂಡ. ಉಳಿದ ಐದು ತಂಡಕ್ಕೆ ಬೈ, ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ. ಆ ಐದು ಯಾವುವು ಅಂತ ನಾನು ಆರಿಸಿಲ್ಲ, ಚೀಟಿ ಎತ್ತಿದ್ದೀವಿ, ಜಾಗದ ಪ್ರಕಾರ ಬರುತ್ತದೆ: ಮೊದಲ ಬೈ 11ನೇ ಜಾಗಕ್ಕೆ, ಆಮೇಲೆ 1, 7, 6, ಕೊನೆಗೆ 10. ನಿನ್ನ ಚೀಟಿ 4 ಬಂತು. ನಾನೇನು ಮಾಡಲಿ?

ಇದೆಲ್ಲ ನಮ್ಮ ಕಡೆಯ ಕನ್ನಡದಲ್ಲಿ, ಎರಡು ನಿಮಿಷದಲ್ಲಿ. ಹುಡುಗ ಗೊಣಗುತ್ತಾ ಹೋದ. ನಾನು ಹಿಂದೆ ನಿಂತಿದ್ದೆ. ಬೈ ಎಷ್ಟು ಅಂತ ತಿಳಿಯಲು ಗೈಡಿನಲ್ಲಿ 16ರಿಂದ (2, 4, 8, 16ರ ಸಾಲಿನಲ್ಲಿ 11ರ ಮುಂದಿನದು) 11 ಕಳೆ ಅಂತ ಸೂತ್ರ ಇದೆ. ಅವಳು ಸೂತ್ರ ಹೇಳಲಿಲ್ಲ, ಅದು ಯಾಕೆ ಬಂತು ಅಂತ ಹೇಳಿದಳು. ಅರ್ಧವಾರ್ಷಿಕದಲ್ಲಿ ಇದೇ ಪ್ರಶ್ನೆಗೆ ಅವಳಿಗೆ ಐದರಲ್ಲಿ ಒಂದು ಅಂಕ ಬಂದಿತ್ತು.

ಮರುದಿನ ಒಂದು ಹಾಳೆ ಕೊಟ್ಟೆ. "ನಿನ್ನೆ ಆ ಹುಡುಗಗ ಏನ್ ಹೇಳಿದ್ಯೋ ಅದನ್ನ ಬರಿ. ಕನ್ನಡದಾಗ ಬರಿ." ಒಂದು ಪುಟ ಬರೆದಳು. ಆಮೇಲೆ ಇಬ್ಬರೂ ಕುಳಿತು ಅದನ್ನು ಇಂಗ್ಲಿಷಿಗೆ ತಂದೆವು. ಸಣ್ಣ ಸಣ್ಣ ವಾಕ್ಯ, ಪಾಯಿಂಟ್ ಪಾಯಿಂಟ್. ಐದಕ್ಕೆ ಐದು ಕೊಡುವ ಉತ್ತರ ಅದು.

ಡಿಸೆಂಬರ್

ಅಲ್ಲಿಂದ ಮುಂದೆ ಒಂದೇ ದಾರಿ ಹಿಡಿದೆವು. ಮೊದಲು ಮಾಡುವುದು. ಆಮೇಲೆ ಅದನ್ನು ಯಾರಿಗಾದರೂ ಕನ್ನಡದಲ್ಲಿ ಹೇಳುವುದು. ಆಮೇಲೆ ಇಂಗ್ಲಿಷ್ ಪದ. ಕೊನೆಗೆ ಬರೆಯುವುದು. ಅಕೌಂಟೆನ್ಸಿ ಮೇಡಂ ಹತ್ತಿರ ಹೋಗಿ ಪೀರಿಯಡ್ ವಾಪಸ್ ಕೇಳಿದೆ. ಅವರು ಬೇಜಾರು ಮಾಡಿಕೊಂಡರು. ಇರಲಿ.

ಸ್ಪ್ರೇನ್, ಸ್ಟ್ರೇನ್ ಮತ್ತೆ ತೆಗೆದೆವು. ಕನ್ನಡದಲ್ಲಿ ಕೇಳಿದರೆ ಅವಳಿಗೆ ಗೊಂದಲವೇ ಇರಲಿಲ್ಲ. ಕಾಲು ಉಳುಕುವುದು ಬೇರೆ, ತೊಡೆ ಹಿಡಿಯುವುದು ಬೇರೆ. ಉಳುಕಿದರೆ ಕೀಲಿನ ಹತ್ತಿರ ನೋವು, ಅದು ಎಲುಬುಗಳನ್ನು ಕಟ್ಟಿಹಾಕುವ ಲಿಗಮೆಂಟು, ಅಂದರೆ ಸ್ಪ್ರೇನ್. ಓಡುವಾಗ ತೊಡೆಯ ಹಿಂದೆ ಚಳಕ್ ಅಂದರೆ ಸ್ನಾಯು ಅಥವಾ ಅದರ ತುದಿಯ ಟೆಂಡನ್ನು, ಅದು ಸ್ಟ್ರೇನ್. ಸ್ಟ್ರೇನಿನಲ್ಲಿ 'ಟ' ಇದೆ, ಟೆಂಡನ್ನಿನಲ್ಲೂ 'ಟ' ಇದೆ ಅಂದೆ. ಆಮೇಲೆ ಅವಳು ಅದನ್ನು ಮರೆಯಲಿಲ್ಲ.

ಹಾರ್ವರ್ಡ್ ಸ್ಟೆಪ್ ಟೆಸ್ಟಿಗೆ, ಅಂದರೆ ಹತ್ತಿ ಇಳಿದು ದಮ್ಮು ಅಳೆಯುವ ಪರೀಕ್ಷೆಗೆ, ಹಳೆಯ ಮರದ ಬೆಂಚೊಂದನ್ನು ಅಳೆದು ಕೊಯ್ಸಿದೆ. ನಿಮಿಷಕ್ಕೆ 30 ಸಲ ಹತ್ತಿ ಇಳಿಯಬೇಕು, ಐದು ನಿಮಿಷ. ಅವಳು ಐದೂ ನಿಮಿಷ ಮುಗಿಸಿದಳು, 300 ಸೆಕೆಂಡ್. ಮುಗಿದ ಮೇಲೆ ಒಂದು ನಿಮಿಷ ಬಿಟ್ಟು ಮುಂದಿನ ಅರ್ಧ ನಿಮಿಷದಲ್ಲಿ ನಾಡಿ ಎಣಿಸಿದರೆ 68. 300ನ್ನು 100ರಿಂದ ಗುಣಿಸಿ, 5.5 ಮತ್ತು 68ರ ಗುಣಲಬ್ಧದಿಂದ ಭಾಗಿಸಿದರೆ 80.2. ಅವಳ ಗೆಳತಿ, ಓದಿನಲ್ಲಿ ತರಗತಿಗೇ ಮೊದಲಿಗಳು, ಮೂರು ನಿಮಿಷಕ್ಕೇ ನಿಂತಳು. ನಾಡಿ 75. ಲೆಕ್ಕ ಬಂದದ್ದು 43.6. ಐವತ್ತರ ಕೆಳಗೆ ಅಂದರೆ ಕಳಪೆ. ಆ ದಿನ ಮೊದಲ ಸಲ ಇಬ್ಬರ ನಡುವೆ ತಕ್ಕಡಿ ಈ ಕಡೆ ವಾಲಿತು. ನನ್ನ ಹುಡುಗಿಯ ಮುಖ ನೋಡಬೇಕಿತ್ತು.

ಹಿರಿಯರ ಫಿಟ್‌ನೆಸ್ಸಿಗೆ ರಿಕ್ಲಿ ಮತ್ತು ಜೋನ್ಸ್ ಅಂತ ಆರು ಪರೀಕ್ಷೆಗಳಿವೆ. ಅದನ್ನು ಮನೆಗೆ ಕಳಿಸಿದೆ. ಅಜ್ಜಿಯನ್ನು ಕುರ್ಚಿ ಮೇಲೆ ಕೂರಿಸಿ, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾಳೆ ಅಂತ ಎಣಿಸಬೇಕು. ಅಜ್ಜಿ ಒಂಬತ್ತು ಸಲ ಎದ್ದರಂತೆ. "ಯಾವ ಸಾಲಿಯೊಳಗ ಹಿಂಗ ಕಲಸ್ತಾರ" ಅಂತ ಬೈದರೂ ಮರುದಿನ ಸಂಜೆ ತಾವೇ ಕುರ್ಚಿ ಎಳೆದುಕೊಂಡರಂತೆ.

ಎಲ್ಲವೂ ಹೀಗೆ ಬಗೆಹರಿಯಲಿಲ್ಲ. ವ್ಯಕ್ತಿತ್ವದ ಬಗೆಗಳನ್ನು ಮೈದಾನದಲ್ಲಿ ಮಾಡಿ ತೋರಿಸುವುದು ಹೇಗೆ? ಕಿವುಡರ ಮೊದಲ ಡೆಫ್ಲಿಂಪಿಕ್ಸ್ 1924ರಲ್ಲಿ ಪ್ಯಾರಿಸ್, ಮೊದಲ ಪ್ಯಾರಾಲಿಂಪಿಕ್ಸ್ 1960ರಲ್ಲಿ ರೋಮ್, ಮೊದಲ ಸ್ಪೆಷಲ್ ಒಲಿಂಪಿಕ್ಸ್ 1968ರಲ್ಲಿ ಶಿಕಾಗೋ. ಇವು ಬಾಯಿಪಾಠವೇ ಗತಿ. 2012ರ ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಹಾಸನ ಜಿಲ್ಲೆಯ ಗಿರೀಶ ಹೈಜಂಪಿನಲ್ಲಿ ಬೆಳ್ಳಿ ಗೆದ್ದ ಕಥೆ ಹೇಳಿದೆ. ಕಥೆ ನೆನಪಿಟ್ಟುಕೊಂಡಳು, ಇಸವಿ ಮರೆತಳು. ಮನಃಶಾಸ್ತ್ರದ ಘಟಕವನ್ನು ಕೊನೆಗೆ ಅರ್ಧಕ್ಕೆ ಬಿಡುವುದು ಅಂತ ಇಬ್ಬರೂ ತೀರ್ಮಾನಿಸಿದೆವು. ಸಣ್ಣ, ದೊಡ್ಡ ಉತ್ತರಗಳ ಮೂರೂ ವಿಭಾಗದಲ್ಲಿ ಒಂದೊಂದು ಪ್ರಶ್ನೆ ಬಿಡಬಹುದು ಅನ್ನುವ ಧೈರ್ಯ. ಅದು ಸರಿಯಾಗಿತ್ತೋ ಇಲ್ಲವೋ ಈಗಲೂ ನನಗೆ ಅನುಮಾನ. ಒಂದಂಕದ ಪ್ರಶ್ನೆಗಳು ಎಲ್ಲ ಘಟಕದಿಂದ ಬರುತ್ತವೆ.

ಪೇಪರ್ ಬರೆಯುವ ಕ್ರಮವನ್ನೂ ಬದಲಿಸಿದೆವು. 'ಎ' ಮುಗಿದ ಕೂಡಲೇ 'ಡಿ'. ತಲೆ ಹಗುರ ಇದ್ದಾಗ ಆ ಉದ್ದದ ಸನ್ನಿವೇಶಗಳನ್ನು ಓದಿಬಿಡು, ಆಮೇಲೆ ಉಳಿದದ್ದು.

ಜನವರಿ, ಫೆಬ್ರವರಿ

ಪ್ರಿ-ಬೋರ್ಡಿನಲ್ಲಿ 38 ಬಂತು. 'ಡಿ'ಯಲ್ಲಿ ಹನ್ನೆರಡಕ್ಕೆ ಒಂಬತ್ತು. ಅಪ್ಪ ಆಟಕ್ಕೆ ವಾಪಸ್ ಬಿಟ್ಟರು, ಬೆಳಿಗ್ಗೆ ಒಂದು ಗಂಟೆ ಮಾತ್ರ.

2025ರ ಜನವರಿ 19, ಭಾನುವಾರ, ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ಪಿನ ಫೈನಲ್. ಓದು ಬಿಟ್ಟು ಮೊಬೈಲಿನಲ್ಲಿ ನೋಡಿದ್ದಾಳೆ. ಮಹಿಳೆಯರ ತಂಡ ನೇಪಾಳವನ್ನು 78-40ರಿಂದ ಸೋಲಿಸಿತು. ತಂಡದಲ್ಲಿ ಮೈಸೂರು ಜಿಲ್ಲೆಯ ಚೈತ್ರಾ ಇದ್ದರು. ಸೋಮವಾರ ಬೈಯಬೇಕು ಅಂದುಕೊಂಡಿದ್ದೆ. ಅವಳೇ ಬಂದು ಕೇಳಿದಳು: "ಸರ, ಅವ್ರು ಮ್ಯಾಟ್ ಮ್ಯಾಲೆ ಶೂ ಹಾಕ್ಕೊಂಡು ಹಂಗ ತಿರುಗ್ತಾರಲ್ರಿ, ಜಾರಂಗಿಲ್ಲೇನ್ರಿ? ನಾವು ಮಣ್ಣಾಗ ಬರಿಗಾಲಾಗ ಆಡಿದ್ರೂ ಜಾರ್ತೀವಿ." ಬಯೋಮೆಕ್ಯಾನಿಕ್ಸ್ ಘಟಕದ ಘರ್ಷಣೆಯ ಪಾಠ ಅದು! ಎರಡು ವಾರದಿಂದ ನಾನು ಅದನ್ನು ತಲೆಗೆ ತುರುಕಲು ಒದ್ದಾಡುತ್ತಿದ್ದೆ. ಸಡಿಲ ಮಣ್ಣು, ಶೂವಿನ ರಬ್ಬರ್ ತಳ, ಮ್ಯಾಟ್, ಎಲ್ಲಿ ಘರ್ಷಣೆ ಜಾಸ್ತಿ ಬೇಕು, ಎಲ್ಲಿ ಕಡಿಮೆ ಇರಬೇಕು. ಅರ್ಧ ಗಂಟೆಯಲ್ಲಿ ಅವಳೇ ಉತ್ತರ ಕಟ್ಟಿದಳು.

ಪ್ರಾಕ್ಟಿಕಲ್‌ಗೆ ಮುಂಚೆ ರೆಕಾರ್ಡ್ ಫೈಲಿನ ಸಣ್ಣ ರಗಳೆ. ಹಳೇ ವಿದ್ಯಾರ್ಥಿಯೊಬ್ಬಳ ಫೈಲನ್ನು ಪೂರ್ತಿ ನಕಲು ಮಾಡಿದ್ದಳು. ಖೋಖೋ ಅಂಕಣದ ಉದ್ದ 29 ಮೀಟರ್ ಅಂತ ಬರೆದಿತ್ತು. "ನೀ ಆಡೂ ಅಂಕಣ ಎಷ್ಟೈತಿ?" "27 ರೀ ಸರ." "ಮತ್ತ?" ತಲೆ ತಗ್ಗಿಸಿ ಫೈಲ್ ತೆಗೆದುಕೊಂಡು ಹೋದಳು. ಮೂರು ದಿನದಲ್ಲಿ ಹೊಸದು ಬಂತು. 27 ಬೈ 16, ಕಂಬ, ಚೌಕ, ಎಲ್ಲ ಕೈಯಾರೆ ಬರೆದದ್ದು. ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದ ಪರೀಕ್ಷಕರು ಆಟ ಬಿಟ್ಟು ಗಾಯದ ಬಗ್ಗೆ ಕೇಳಿದರು. ಇಂಗ್ಲಿಷ್ ತೊದಲಿತು. "ಸರ್, ತೋರಿಸಲಾ?" ಅಂದಳು. ತನ್ನ ಕಾಲಿನ ಮೇಲೇ ಎಲ್ಲಿ ಯಾವ ಗಾಯ, ಪಟ್ಟಿ ಹೇಗೆ ಅಂತ ತೋರಿಸಿದಳು. ತಿಕ್ಕಬಾರದು ಅಂತ ಎರಡು ಸಲ ಹೇಳಿದಳು.

ಫಲಿತಾಂಶ, ಮತ್ತು ನನಗೆ ಉಳಿದದ್ದು

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಥಿಯರಿ 52, ಪ್ರಾಕ್ಟಿಕಲ್ 29. ಒಟ್ಟು 81. ಮೂರು ನಿಮಿಷಕ್ಕೇ ಬೆಂಚಿನಿಂದ ಇಳಿದಿದ್ದ ಗೆಳತಿಗೆ 93. ಇದನ್ನು ಮುಚ್ಚಿಟ್ಟರೆ ಪ್ರಕರಣ ಪೂರ್ತಿಯಾಗುವುದಿಲ್ಲ. ಪೇಪರು ಈಗಲೂ ಬರೆಯಬಲ್ಲವರ ಪರವಾಗಿಯೇ ಇದೆ. ಆಡುವ ಮಕ್ಕಳು ಈ ವಿಷಯ ತೆಗೆದುಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಸೇರುವ ದಿನವೇ 70, 30, 7 ಈ ಮೂರು ಅಂಕಿಗಳನ್ನು ಅಪ್ಪ ಅಮ್ಮನ ಮುಂದೆ ಬರೆದು ತೋರಿಸುತ್ತೇನೆ. ಈ ವರ್ಷ ಇಬ್ಬರು ಅದನ್ನು ನೋಡಿ ಬೇರೆ ವಿಷಯ ತೆಗೆದುಕೊಂಡರು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಎರಡು ತಿಂಗಳು ಉತ್ತರವನ್ನು ಕನ್ನಡದಲ್ಲೇ ಬರೆಸುತ್ತಿದ್ದೇನೆ. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಇದು ಟೈಮ್ ವೇಸ್ಟ್ ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಒಬ್ಬ ಹುಡುಗಿಯ ಮೇಲೆ ನಡೆದದ್ದರಿಂದ ಇದು ಎಲ್ಲರಿಗೂ ಸರಿ ಅಂತ ನಾನು ವಾದಿಸಲಾರೆ. ಅಕ್ಟೋಬರ್ ಪೂರ್ತಿ ಬಾಯಿಪಾಠಕ್ಕೆ ಕಳೆದದ್ದು ಮಾತ್ರ ಖಂಡಿತ ವೇಸ್ಟು. ನಾಲ್ಕನೇ ದಿನವೇ "ಇದನ್ನ ನನಗ ನಿನ್ನ ಮಾತಿನಾಗ ಹೇಳು" ಅಂತ ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ.

ಹುಡುಗಿ ಈಗ ಬಿಕಾಂ ಓದುತ್ತಿದ್ದಾಳೆ. ಬೆಳಿಗ್ಗೆ ನಮ್ಮ ಮೈದಾನಕ್ಕೆ ಬಂದು ಚಿಕ್ಕ ಮಕ್ಕಳಿಗೆ ಖೋಖೋ ಹೇಳಿಕೊಡುತ್ತಾಳೆ. ಕೊಯ್ಸಿದ ಬೆಂಚು ಸ್ಟೋರ್‌ ರೂಮಿನಲ್ಲಿದೆ, ಒಂದು ಕಾಲು ಅಲುಗಾಡುತ್ತದೆ, ಮೊಳೆ ಹೊಡೆಸಬೇಕು. ಮೊನ್ನೆ ಅಕೌಂಟೆನ್ಸಿ ಮೇಡಂ ಮತ್ತೆ ಬಂದಿದ್ದರು. ಪೋರ್ಷನ್ ಮುಗಿದಿಲ್ಲವಂತೆ, ಎರಡು ಪೀರಿಯಡ್ ಬೇಕಂತೆ. ಒಂದನ್ನು ಕೊಟ್ಟೆ.